ಡಿಚ್‌ಪಲ್ಲಿಯ ಡಾಕ್ಟರಮ್ಮ: ಇಸಾಬೆಲ್ ಕೆರ್ ದಂಪತಿಯ ಸೇವೆ



ನಮ್ಮ ಮಹಿಳಾ ವೇದಿಕೆಯ ಇ-ಸಂಚಿಕೆಗೆ ಈ ಸಲ ನಾವು ಮರೆಯಬಾರದ ಒಬ್ಬ ಮಹಿಳೆಯ ಬಗ್ಗೆ ಬರೆಯಿರಿ ಎಂದು ಸಂಪಾದಕಿ ಫೋನ್ ಮಾಡಿದಾಗ, ನಾನು ಹೆಸರಿಗಾಗಿ ತಡಕಾಡಲಿಲ್ಲ. ಅಕ್ಕಮಹಾದೇವಿಯ ಬಗ್ಗೆ, ಕಿತ್ತೂರು ಚೆನ್ನಮ್ಮನ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ನಾನು ಬರೆಯಬೇಕೆಂದುಕೊಂಡದ್ದು ನಮ್ಮ ಹೈದರಾಬಾದಿಗೆ ನೂರು ವರ್ಷಕ್ಕೂ ಹಿಂದೆ ಬಂದ ಒಬ್ಬ ಸ್ಕಾಟ್ಲೆಂಡಿನ ಡಾಕ್ಟರಮ್ಮನ ಬಗ್ಗೆ. ಆಕೆಯ ಹೆಸರು ಇಸಾಬೆಲ್ ಕೆರ್. ಆಕೆಯ ಜೊತೆಗೆ ಅದೇ ಕೆಲಸಕ್ಕೆ ಹೆಗಲು ಕೊಟ್ಟ ಪತಿ ಜಾರ್ಜ್ ಕೆರ್. ಅವರ ಕಥೆ ನನಗೆ ತಿಳಿದದ್ದು ನನ್ನದೇ ಒಂದು ತಪ್ಪಿನಿಂದ. ಆದ್ದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಮದುವೆಯಾಗಿ ಕಲಬುರಗಿ ಕಡೆಯಿಂದ ನಾರಾಯಣಗೂಡಕ್ಕೆ ಬಂದು ಮೂವತ್ತೈದು ವರ್ಷ ದಾಟಿತು. ವೈಎಂಸಿಎ ವೃತ್ತ, ಮೇಲ್ಕೋಟೆ ಪಾರ್ಕ್, ಲಸಿಕೆಗೆ ಹೆಸರಾದ ಪ್ರಿವೆಂಟಿವ್ ಮೆಡಿಸಿನ್ ಸಂಸ್ಥೆ, ಹಳೆಯ ಕ್ರೈಸ್ತ ಸ್ಮಶಾನ, ಇವೆಲ್ಲ ನನ್ನ ದಿನನಿತ್ಯದ ದಾರಿಗಳು. ನಮ್ಮ ಮನೆಗೆ ಹದಿನಾಲ್ಕು ವರ್ಷದಿಂದ ಕೆಲಸಕ್ಕೆ ಬರುವ ಒಬ್ಬ ಹೆಂಗಸು ಇದ್ದಾಳೆ. ಅವಳ ಹೆಸರು ಇಲ್ಲಿ ಬೇಡ. ಮನೆಯ ಬೀಗದ ಕೈ ಅವಳ ಹತ್ತಿರವೂ ಒಂದಿರುತ್ತದೆ, ಅಷ್ಟು ನಂಬಿಕೆ.

ಒಂದು ದಿನ ರೊಟ್ಟಿ ಬೇಯಿಸುವಾಗ ಅವಳ ಮೊಣಕೈ ಕೆಳಗೆ ಹಂಚು ತಾಕಿತು. ಚರ್ಮ ಸುಟ್ಟ ವಾಸನೆ ನನಗೆ ಬಂತು, ಅವಳಿಗೆ ಉರಿ ಬರಲಿಲ್ಲ. ನೋಡಿದರೆ ಆ ಜಾಗದಲ್ಲಿ ರೂಪಾಯಿ ಅಗಲದ ಮಾಸಲು ಮಚ್ಚೆ. ಹುಳುಕಡ್ಡಿ ಎಂದು ಯಾರೋ ಹೇಳಿದ್ದರಂತೆ. ನಾಲ್ಕು ತಿಂಗಳಿಂದ ಔಷಧಿ ಅಂಗಡಿಯ ಮುಲಾಮು ಹಚ್ಚುತ್ತಿದ್ದಳು. ಸೂಜಿಯ ತುದಿಯಿಂದ ಮೆಲ್ಲಗೆ ಮುಟ್ಟಿದೆ. ಮಚ್ಚೆಯ ಹೊರಗೆ ಚುರುಕ್ ಎಂದಳು, ಒಳಗೆ ಏನೂ ಗೊತ್ತಾಗಲಿಲ್ಲ.

ಗೆಳತಿಯರೇ, ಆಗ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಡಾಕ್ಟರಿಗೆ ತೋರಿಸು ಎಂದು ದುಡ್ಡು ಕೊಟ್ಟೆ. ಆದರೆ ಅದರ ಜೊತೆಗೆ, ಕೆಲವು ದಿನ ಬರುವುದು ಬೇಡ ಎಂದೂ ಹೇಳಿದೆ. ಅವಳು ಹೋದ ಮೇಲೆ ಅವಳು ಚಹಾ ಕುಡಿಯುತ್ತಿದ್ದ ಲೋಟವನ್ನು ಕುದಿಯುವ ನೀರಿಗೆ ಹಾಕಿ, ಆಮೇಲೂ ಸಮಾಧಾನವಾಗದೆ ಕಸದ ಬುಟ್ಟಿಗೆ ಎಸೆದೆ. ಎಂ.ಎ. ಓದಿದವಳು ನಾನು.

ಅವಳನ್ನು ಪರೀಕ್ಷಿಸಿದ ಹಿರಿಯ ಡಾಕ್ಟರನ್ನು ನಾನೂ ಹೋಗಿ ಕಂಡೆ. ಕುಷ್ಠವೇ, ಆದರೆ ತೀರ ಆರಂಭದ್ದು, ಆರು ತಿಂಗಳ ಮಾತ್ರೆಯಲ್ಲಿ ಪೂರ್ತಿ ವಾಸಿಯಾಗುತ್ತದೆ, ಮಾತ್ರೆ ಸರ್ಕಾರದಿಂದ ಉಚಿತ, ಅವಳು ನಾಳೆಯಿಂದಲೇ ಕೆಲಸಕ್ಕೆ ಬರಬಹುದು ಎಂದರು. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ಡಿಚ್‌ಪಲ್ಲಿಯ ಹೆಸರು ಕೇಳಿದ್ದೀರಾ ಎಂದು ವಿಚಾರಿಸಿದರು. ನಿಜಾಮಾಬಾದಿಗೆ ಹೋಗುವ ರೈಲಿನಲ್ಲಿ ಆ ನಿಲ್ದಾಣದ ಫಲಕ ನೋಡಿದ್ದೆ, ಅಷ್ಟೆ. ಮಾತ್ರೆಯೇ ಇಲ್ಲದ ಕಾಲದಲ್ಲಿ ಅಲ್ಲಿ ಒಬ್ಬ ಹೆಣ್ಣುಮಗಳು ಈ ರೋಗಿಗಳನ್ನು ಕೈಯಲ್ಲಿ ಮುಟ್ಟಿ ನೋಡಿಕೊಂಡಳು, ಆಕೆಯ ಬಗ್ಗೆ ಓದಿ ಎಂದರು. ನಾಚಿಕೆಯಿಂದಲೇ ಓದಲು ಕೂತೆ.

ಸ್ಕಾಟ್ಲೆಂಡಿನ ಹೊಲದಿಂದ ನಿಜಾಮರ ಸೀಮೆಗೆ

ಇಸಾಬೆಲ್ ಹುಟ್ಟಿದ್ದು 1875ರಲ್ಲಿ, ಸ್ಕಾಟ್ಲೆಂಡಿನ ಈಶಾನ್ಯ ಭಾಗದ ಒಂದು ಹಳ್ಳಿಯಲ್ಲಿ. ತಂದೆ ರೈತ. ತವರಿನ ಅಡ್ಡಹೆಸರು ಗನ್. ಆಕೆ ಹುಟ್ಟುವುದಕ್ಕೆ ಕೆಲವೇ ವರ್ಷ ಮುಂಚೆ, 1869ರಲ್ಲಿ, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಕಲಿಯಲು ಹೋದ ಏಳು ಹೆಣ್ಣುಮಕ್ಕಳಿಗೆ ಕೊನೆಗೆ ಪದವಿಯನ್ನೇ ನಿರಾಕರಿಸಲಾಗಿತ್ತು. ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1892ರಲ್ಲಿ. ಆ ಬಾಗಿಲು ತೆರೆದ ಮೇಲೆ ಒಳಗೆ ಹೋದ ಮೊದಲ ತಲೆಮಾರಿನವಳು ಇಸಾಬೆಲ್. 1903ರಲ್ಲಿ ಅಬರ್ಡೀನ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದಳು. ಅದೇ ವರ್ಷ ಜಾರ್ಜ್ ಕೆರ್ ಅವರೊಂದಿಗೆ ಮದುವೆಯಾಯಿತು. ಅವರು ಪಾದ್ರಿ.

1907ರಲ್ಲಿ ಗಂಡ ಹೆಂಡತಿ ಇಬ್ಬರೂ ವೆಸ್ಲಿಯನ್ ಮೆಥಡಿಸ್ಟ್ ಮಿಷನ್ ಮೂಲಕ ಹೈದರಾಬಾದ್ ಸಂಸ್ಥಾನಕ್ಕೆ ಬಂದರು. ನಾವು ಸಂಘದ ಪಿಕ್‌ನಿಕ್ ಎಂದು ನೋಡಿ ಬಂದ ಮೇದಕ್‌ನ ದೊಡ್ಡ ಚರ್ಚ್ ಇದೆಯಲ್ಲ, ಅದನ್ನು ಕಟ್ಟಿಸಿದ ಚಾರ್ಲ್ಸ್ ಪಾಸ್ನೆಟ್ ಕೂಡ ಇದೇ ಮಿಷನ್ನಿನವರು. ಕೆರ್ ದಂಪತಿ ಬಂದ ಮರುವರ್ಷವೇ, 1908ರ ಸೆಪ್ಟೆಂಬರಿನಲ್ಲಿ, ಮೂಸಿ ನದಿಯ ಮಹಾಪೂರ ಬಂದು ನಮ್ಮ ಈ ಊರು ಅರ್ಧ ಕೊಚ್ಚಿಹೋಯಿತು. ಹೈದರಾಬಾದಿನ ಹಳೆಯ ಕುಟುಂಬಗಳಲ್ಲಿ ಇಂದಿಗೂ ಆ ಪ್ರವಾಹದ ಮಾತು ಬರುತ್ತದೆ. ಅಂಥ ಕಾಲದಲ್ಲಿ ಇಲ್ಲಿಗೆ ಬಂದಿಳಿದವರು ಅವರು.

ಇನ್ನೊಂದು ಮಾತು ಹೇಳಲೇಬೇಕು. ಹೆಣ್ಣು ಡಾಕ್ಟರ್ ಎಂಬುದು ಹೈದರಾಬಾದಿಗೆ ಪರದೇಶದಿಂದ ಬಂದ ವಿಸ್ಮಯವೇನೂ ಆಗಿರಲಿಲ್ಲ. ನಮ್ಮ ರೂಪಾಬಾಯಿ ಫರ್ದೂನ್‌ಜಿ 1889ರಲ್ಲೇ ಹೈದರಾಬಾದ್ ಮೆಡಿಕಲ್ ಸ್ಕೂಲಿನಲ್ಲಿ ಓದು ಮುಗಿಸಿ, ಕ್ಲೋರೋಫಾರ್ಮ್ ಕೊಡುವ ಅರಿವಳಿಕೆ ತಜ್ಞೆಯಾಗಿ ಹೆಸರಾಗಿದ್ದರು. ಆದರೆ ಪಟ್ಟಣ ದಾಟಿದರೆ ಹೆಣ್ಣು ಡಾಕ್ಟರೂ ಇಲ್ಲ, ಆಸ್ಪತ್ರೆಯೂ ಇಲ್ಲ ಎನ್ನುವ ಸ್ಥಿತಿ.

ಕೆರ್ ದಂಪತಿ ಕೆಲಸ ಮಾಡಿದ್ದು ನಿಜಾಮಾಬಾದಿನಲ್ಲಿ. ಊರಿನ ಹಳೆಯ ಹೆಸರು ಇಂದೂರು. ಅಲ್ಲಿ ಸಾಮಾನ್ಯ ರೋಗಗಳಿಗೆ ಔಷಧಿ ಕೊಡುತ್ತಿದ್ದಾಗ ಇಸಾಬೆಲ್ ಒಂದು ಸಂಗತಿ ಗಮನಿಸಿದಳು. ಕುಷ್ಠ ತಗುಲಿದವರು ಎಲ್ಲೆಡೆ ಇದ್ದಾರೆ, ಆದರೆ ಅವರಿಗೆಂದು ಎಲ್ಲೂ ಏನೂ ಇಲ್ಲ. ಊರಾಚೆಯ ಮರದ ಕೆಳಗೆ, ಗುಡಿಯ ಹಾದಿಯಲ್ಲಿ, ಸಂತೆಯ ಅಂಚಿನಲ್ಲಿ ಕೂತು ಬೇಡುವುದು ಬಿಟ್ಟರೆ ಅವರಿಗೆ ಬೇರೆ ಬದುಕಿಲ್ಲ. 1911ರಲ್ಲಿ ದಂಪತಿ ನಿಜಾಮಾಬಾದಿನಲ್ಲಿ ಕುಷ್ಠರೋಗಿಗಳಿಗಾಗಿಯೇ ಒಂದು ಚಿಕ್ಕ ಕೇಂದ್ರ ಆರಂಭಿಸಿದರು. ಬಂದವರಿಗೆ ಆ ಜಾಗ ಬೇಗನೆ ಸಾಲದಾಯಿತು.

ನರಸಾಗೌಡರ ದಾನ

ಇಲ್ಲಿ ಈ ಕಥೆಗೆ ಇನ್ನೊಬ್ಬರು ಬರುತ್ತಾರೆ. ನಿಜಾಮಾಬಾದಿನ ರಾಜಾ ನರಸಾಗೌಡರು. ಗೌಡ ಎಂದಕೂಡಲೇ ನಮ್ಮ ಕಡೆಯ ಊರಗೌಡರು ಎಂದುಕೊಳ್ಳಬೇಡಿ, ಇವರು ತೆಲುಗು ಸೀಮೆಯ ಗೌಡರು. ಹಿಂದೂ ಧರ್ಮದ ಈ ದಾನಿ, ಕ್ರೈಸ್ತ ಮಿಷನ್ನಿನವರು ಕಟ್ಟಬೇಕೆಂದಿದ್ದ ಕುಷ್ಠರೋಗದ ಆಸ್ಪತ್ರೆಗೆ ದೊಡ್ಡ ಮೊತ್ತದ ಹಣ ಕೊಟ್ಟರು. ಅದರಿಂದ ನಿಜಾಮಾಬಾದಿನ ಹತ್ತಿರದ ಡಿಚ್‌ಪಲ್ಲಿಯಲ್ಲಿ 1915ರಲ್ಲಿ ವಿಕ್ಟೋರಿಯಾ ಕುಷ್ಠರೋಗ ಆಸ್ಪತ್ರೆ ತೆರೆಯಿತು. ಮುಸ್ಲಿಂ ದೊರೆಯ ರಾಜ್ಯ, ಹಿಂದೂ ದಾನಿಯ ಹಣ, ಕ್ರೈಸ್ತ ದಂಪತಿಯ ದುಡಿಮೆ. ಸಂಘ ನಡೆಸುವ ನಮಗೆ ಒಂದು ಕಾರ್ಯಕ್ರಮಕ್ಕೆ ದೇಣಿಗೆ ಎತ್ತುವುದೇ ಎಷ್ಟು ಕಷ್ಟ ಎಂದು ಗೊತ್ತು. ಎಲ್ಲರೂ ಮುಖ ತಿರುಗಿಸುವ ರೋಗಿಗಳಿಗಾಗಿ, ಅದೂ ಬೇರೆ ಧರ್ಮದವರ ಕೈಗೆ ಹಣ ಕೊಟ್ಟ ಆ ಮನುಷ್ಯನನ್ನೂ ನಾವು ನೆನೆಯಬೇಕು.

ಮಿಷನ್ನಿನವರು ಬಂದದ್ದು ತಮ್ಮ ಧರ್ಮವನ್ನು ಸಾರುವುದಕ್ಕೂ ಹೌದು. ಅದನ್ನು ಅವರು ಮುಚ್ಚಿಟ್ಟವರಲ್ಲ, ನಾವೂ ಮರೆಸುವ ಅಗತ್ಯವಿಲ್ಲ. ಆದರೆ ಆ ಕಾಲದಲ್ಲಿ ಕುಷ್ಠರೋಗಿಯ ಹುಣ್ಣು ತೊಳೆಯಲು ಮುಂದೆ ಬಂದವರು ಯಾರು ಎಂದು ಹುಡುಕಿದರೆ ಮತ್ತೆ ಮತ್ತೆ ಇಂಥವರ ಹೆಸರೇ ಸಿಗುತ್ತದೆ. ನಮ್ಮ ಕನ್ನಡ ನಾಡಿನಲ್ಲೇ ನೋಡಿ, ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. ಅದಕ್ಕೂ ಮೊದಲು, ಪಂಜಾಬಿನ ಅಂಬಾಲದಲ್ಲಿ ಈ ರೋಗಿಗಳನ್ನು ಕಂಡು ಮನಸ್ಸು ಕರಗಿದ ವೆಲ್ಸ್‌ಲಿ ಬೇಲಿ ಎಂಬಾತ ತನ್ನ ಪತ್ನಿ ಆಲಿಸ್ ಜೊತೆಗೂಡಿ 1874ರಲ್ಲಿ ಐರ್ಲೆಂಡಿನಲ್ಲಿ ಒಂದು ಸಂಸ್ಥೆಯನ್ನೇ ಹುಟ್ಟುಹಾಕಿದ್ದರು. ಅದೇ ಇಂದಿನ ಲೆಪ್ರಸಿ ಮಿಷನ್.

ಸೆರೆಯಲ್ಲ, ಆಸ್ಪತ್ರೆ

ಡಿಚ್‌ಪಲ್ಲಿಯ ಕೆಲಸದ ಬೆಲೆ ತಿಳಿಯಬೇಕಾದರೆ ಆಗಿನ ಪದ್ಧತಿ ಹೇಗಿತ್ತು ಎಂದು ಗೊತ್ತಿರಬೇಕು. ನಾರ್ವೆಯ ಹ್ಯಾನ್ಸನ್ ಎಂಬ ವೈದ್ಯ 1873ರಲ್ಲೇ ಕುಷ್ಠಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದಿದ್ದ. ಇದು ಶಾಪವಲ್ಲ, ಪೂರ್ವಜನ್ಮದ ಪಾಪವಲ್ಲ, ಬರೀ ಒಂದು ರೋಗಾಣು ಎಂದು ಅಲ್ಲಿಗೆ ಗೊತ್ತಾಯಿತು. ಆದರೆ ಅದರಿಂದ ರೋಗಿಗೆ ಆದ ಮೊದಲ ಪರಿಣಾಮ ವಿಪರೀತದ್ದು. ಅಂಟುರೋಗ ತಾನೆ, ಹಾಗಾದರೆ ಹಿಡಿದು ಕೂಡಿಹಾಕಿ ಎಂದಾಯಿತು. ಬ್ರಿಟಿಷ್ ಭಾರತದಲ್ಲಿ 1898ರ ಕಾಯ್ದೆ, ಬೀದಿಯಲ್ಲಿ ಅಲೆಯುವ ಬಡ ಕುಷ್ಠರೋಗಿಯನ್ನು ಬಂಧಿಸಿ ಆಶ್ರಮಕ್ಕೆ ಸೇರಿಸಲು ಪೊಲೀಸರಿಗೆ ಅಧಿಕಾರ ಕೊಟ್ಟಿತು. ಆಶ್ರಮಗಳಲ್ಲಿ ಗಂಡಸರು ಹೆಂಗಸರನ್ನು ಬೇರೆ ಬೇರೆ ಇಡುವುದು ರೂಢಿ. ಗಂಡ ಹೆಂಡತಿಯಾದರೂ ಸರಿ. ಹೀಗಿದ್ದಾಗ ಯಾರು ತಾನೆ ತಮಗೆ ಮಚ್ಚೆ ಬಂದಿದೆ ಎಂದು ತಾವಾಗಿ ಹೇಳಿಕೊಳ್ಳುತ್ತಾರೆ? ಬೆರಳು ಮೊಂಡಾಗಿ, ಮೂಗು ಕುಸಿದು, ಇನ್ನು ಮುಚ್ಚಿಡಲು ಸಾಧ್ಯವೇ ಇಲ್ಲ ಎಂದಾಗ ಮಾತ್ರ ಹೊರಗೆ ಬರುತ್ತಿದ್ದರು. ಅಷ್ಟರಲ್ಲಿ ತಡವಾಗಿರುತ್ತಿತ್ತು.

ಇಸಾಬೆಲ್ ಮಾಡಿದ ದೊಡ್ಡ ಕೆಲಸ ಇಲ್ಲಿದೆ ಎಂದು ನನಗನ್ನಿಸುತ್ತದೆ. ಡಿಚ್‌ಪಲ್ಲಿಯನ್ನು ಆಕೆ ಸಾಯುವವರೆಗೆ ಇಟ್ಟುಕೊಳ್ಳುವ ಜಾಗವಾಗಿ ಅಲ್ಲ, ಚಿಕಿತ್ಸೆ ಕೊಟ್ಟು ಮನೆಗೆ ಕಳಿಸುವ ಜಾಗವಾಗಿ ನಡೆಸಿದಳು. ಕುಷ್ಠಕ್ಕೂ ಚಿಕಿತ್ಸೆ ಉಂಟು ಎನ್ನುವ ಮಾತು ಆಗ ಎಲ್ಲರೂ ನಂಬುವಂಥದ್ದಾಗಿರಲಿಲ್ಲ.

ಆ ಚಿಕಿತ್ಸೆ ಯಾವುದು ಗೊತ್ತೆ? ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳೆಯುವ ಗರುಡಫಲದ ಬೀಜದ ಎಣ್ಣೆ. ಸಂಸ್ಕೃತದಲ್ಲಿ ತುವರಕ. ಸುಶ್ರುತ ಸಂಹಿತೆಯಲ್ಲೇ ಕುಷ್ಠಕ್ಕೆ ತುವರಕದ ಎಣ್ಣೆ ಹೇಳಿದೆ. ಇದೇ ಜಾತಿಯ ಮರಗಳ ಎಣ್ಣೆ ಚಾಲ್‌ಮೂಗ್ರಾ ಎಂಬ ಹೆಸರಿನಲ್ಲಿ ಪಶ್ಚಿಮದ ವೈದ್ಯರಿಗೂ ತಿಳಿದಿತ್ತು. ತೊಡಕು ಏನೆಂದರೆ ಕುಡಿದರೆ ವಿಪರೀತ ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು, ಯಾರೂ ಹೆಚ್ಚು ದಿನ ತೆಗೆದುಕೊಳ್ಳಲಾರರು. ಕಲ್ಕತ್ತದಲ್ಲಿ ಲಿಯೊನಾರ್ಡ್ ರೋಜರ್ಸ್, ಅವರ ನಂತರ ಅರ್ನೆಸ್ಟ್ ಮ್ಯೂರ್ ಎಂಬ ವೈದ್ಯರು ಇದನ್ನು ಸೂಜಿಮದ್ದಾಗಿ ಕೊಡುವ ಕ್ರಮವನ್ನು ರೂಪಿಸಿದರು. ರೋಗಿಗೆ ಇರುವ ಬೇರೆ ಕಾಯಿಲೆಗಳನ್ನು ಮೊದಲು ಗುಣಪಡಿಸಬೇಕು, ಒಳ್ಳೆಯ ಊಟ ಕೊಡಬೇಕು, ಮೈಗೆ ಕೆಲಸ ಇರಬೇಕು ಎಂಬುದೂ ಮ್ಯೂರ್ ಅವರ ಪದ್ಧತಿಯ ಭಾಗ. ಇಸಾಬೆಲ್ ಈ ಚಿಕಿತ್ಸೆಯನ್ನು ಡಿಚ್‌ಪಲ್ಲಿಗೆ ತಂದು ಶ್ರದ್ಧೆಯಿಂದ ನಡೆಸಿದಳು. ರೋಗಲಕ್ಷಣ ಇಳಿದು ಊರಿಗೆ ಮರಳಿದವರು ಕಾಣತೊಡಗಿದಾಗ, ಇನ್ನಷ್ಟು ಜನ ತಾವಾಗಿಯೇ ಬಂದರು.

ಚುಚ್ಚುಮದ್ದು ಎಂದರೆ ಒಂದಲ್ಲ ಎರಡಲ್ಲ. ಗಟ್ಟಿ ಎಣ್ಣೆ, ಚುಚ್ಚಿದ ಜಾಗ ಊದಿ ನೋಯುತ್ತದೆ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ಪ್ರತಿ ಸಲವೂ ಡಾಕ್ಟರು ರೋಗಿಯ ಚರ್ಮವನ್ನು ಕೈಯಿಂದ ಮುಟ್ಟಿ, ಒತ್ತಿ, ಮಚ್ಚೆ ಎಲ್ಲಿದೆ ಎಂದು ನೋಡಬೇಕು. ನಾನು ಇದನ್ನು ಓದುವಾಗ ಯೋಚಿಸಿದ್ದು ಹೆಂಗಸರ ವಿಷಯ. ಕುಷ್ಠದ ಮಚ್ಚೆ ಬೆನ್ನಿನ ಮೇಲೆ, ತೊಡೆಯ ಮೇಲೆ ಎಲ್ಲಿ ಬೇಕಾದರೂ ಇರಬಹುದು. ಸೆರಗು ಸರಿಸಲೂ ಹಿಂಜರಿಯುತ್ತಿದ್ದ, ಪರದೆಯೊಳಗೇ ಬದುಕುತ್ತಿದ್ದ ಆ ಕಾಲದ ಹೆಂಗಸು ಗಂಡು ಡಾಕ್ಟರಿಗೆ ಅದನ್ನು ಹೇಗೆ ತೋರಿಸಿಯಾಳು? ಅವಳಿಗೆ ಇಸಾಬೆಲ್ ಒಬ್ಬ ಡಾಕ್ಟರ್ ಮಾತ್ರವಲ್ಲ, ಬೇರೆ ದಾರಿಯೇ ಇಲ್ಲದ ಕಡೆ ಇದ್ದ ಒಂದೇ ದಾರಿ.

ಜಾರ್ಜ್ ಕೆರ್ ಅವರ ಪಾಲನ್ನೂ ಹೇಳಬೇಕು. ಆ ಕಾಲದಲ್ಲಿ ಹೆಚ್ಚಾಗಿ ಪಾದ್ರಿಯ ಹೆಂಡತಿ ಎಂದರೆ ಗಂಡನ ಕೆಲಸಕ್ಕೆ ನೆರವಾಗುವವಳು. ಇಲ್ಲಿ ವೈದ್ಯಕೀಯ ಕೆಲಸದ ನಡುಗಂಬ ಹೆಂಡತಿ. ಗಂಡ ಅವಳ ಸುತ್ತ ಆಸ್ಪತ್ರೆಯ ಆಡಳಿತ, ವಸತಿ, ಜನರ ಯೋಗಕ್ಷೇಮ ನೋಡಿಕೊಂಡ. 1923ರಲ್ಲಿ ಸರ್ಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಾಗ ಇಬ್ಬರಿಗೂ ಕೊಟ್ಟಿತು. ನಮ್ಮ ಗಾಂಧೀಜಿಗೆ ದಕ್ಷಿಣ ಆಫ್ರಿಕಾದ ಸೇವೆಗಾಗಿ 1915ರಲ್ಲಿ ಬಂದು, ಅಸಹಕಾರ ಚಳವಳಿಯ ಹೊತ್ತಿಗೆ 1920ರಲ್ಲಿ ಅವರು ಹಿಂದಿರುಗಿಸಿದ್ದೂ ಇದೇ ಪದಕ.

ಹಿತ್ತಲ ಕೋಣೆ

ಇಷ್ಟು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಕಾರಣ ನಮ್ಮ ತವರಿನ ಒಂದು ಹಳೆಯ ಮಾತು.

ನನ್ನ ಅಜ್ಜಿಗೆ ಒಬ್ಬ ಅಕ್ಕ ಇದ್ದಳಂತೆ. ಮದುವೆಯಾಗಿ ನಾಲ್ಕೈದು ವರ್ಷಕ್ಕೆ ಮೈಮೇಲೆ ಮಚ್ಚೆ ಕಾಣಿಸಿಕೊಂಡು ಗಂಡನ ಮನೆಯವರು ತಂದು ಬಿಟ್ಟುಹೋದರಂತೆ. ತವರಿನಲ್ಲಿ ಹಿತ್ತಲ ಕೋಣೆಯಲ್ಲಿ ಇಟ್ಟರು. ಬೇರೆ ತಾಟು, ಬೇರೆ ತಂಬಿಗೆ. ಊಟವನ್ನು ಹೊಸ್ತಿಲ ಹೊರಗಿಟ್ಟು ಬಾಗಿಲು ತಟ್ಟಿ ಬರುವುದು. ಯಾರಾದರೂ ಬೀಗರು ಬಂದರೆ ಆ ಕಡೆ ಹೋಗದಂತೆ ಮಕ್ಕಳನ್ನು ಕಾವಲಿಡುವುದು. ಮನೆಯ ಇತರ ಹೆಣ್ಣುಮಕ್ಕಳ ಮದುವೆ ನಿಂತುಹೋದೀತು ಎಂಬ ಭಯ. ನಾನು ಹುಟ್ಟುವ ಎಷ್ಟೋ ಮೊದಲೇ ಆಕೆ ತೀರಿಹೋದಳು. ಆಕೆಯ ಒಂದು ಫೋಟೋ ಇಲ್ಲ. ಹೆಸರು ಕೂಡ ಅಜ್ಜಿ ಹೇಳುತ್ತಿರಲಿಲ್ಲ, ಅಕ್ಕ ಎನ್ನುತ್ತಿದ್ದಳು, ಅಷ್ಟೆ.

ಲೆಕ್ಕ ಹಾಕಿ ನೋಡಿದೆ. ಅದು ಸುಮಾರು 1920ರ ದಶಕ. ಆಗ ಕಲಬುರಗಿ, ಬೀದರ್, ರಾಯಚೂರು ಎಲ್ಲವೂ ನಿಜಾಮರ ಸಂಸ್ಥಾನದಲ್ಲೇ ಇದ್ದವು. ಡಿಚ್‌ಪಲ್ಲಿಯೂ ಅದೇ ಸಂಸ್ಥಾನದಲ್ಲಿ. ಕಲಬುರಗಿಯಿಂದ ವಾಡಿ, ವಾಡಿಯಿಂದ ಸಿಕಂದರಾಬಾದ್, ಅಲ್ಲಿಂದ ನಿಜಾಮಾಬಾದ್ ಹಾದಿಯಲ್ಲಿ ಡಿಚ್‌ಪಲ್ಲಿ. ಆ ಹೊತ್ತಿಗೆ ಎಲ್ಲ ಕಡೆಗೂ ರೈಲು ಇತ್ತು. ಹಿತ್ತಲ ಕೋಣೆಯ ಬಾಗಿಲು ತೆರೆದಿದ್ದರೆ ಎರಡು ದಿನದ ಪ್ರಯಾಣ. ಅಲ್ಲಿ ಒಬ್ಬ ಡಾಕ್ಟರಮ್ಮ ಸೂಜಿ ಹಿಡಿದು ಕೂತಿದ್ದಳು. ನಮ್ಮ ಮನೆಯವರಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೊರಗೆ ಕರೆದೊಯ್ಯಲು ಮಾನಕ್ಕೆ ಅಂಜಿದರೋ, ಕೇಳೋಣವೆಂದರೆ ಈಗ ಅಜ್ಜಿಯೂ ಇಲ್ಲ.

ಆ ಎಣ್ಣೆಯಿಂದ ಆಕೆಗೆ ಪೂರ್ತಿ ವಾಸಿಯಾಗುತ್ತಿತ್ತು ಎಂದು ನಾನು ಹೇಳಲಾರೆ. ಗರುಡಫಲದ ಎಣ್ಣೆ ಕೆಲವರಿಗೆ ಹಿಡಿಸಿತು, ಕೆಲವರಿಗೆ ಇಲ್ಲ, ಎಷ್ಟೋ ಜನರಿಗೆ ರೋಗ ಮರುಕಳಿಸಿತು. ಆದರೆ ಮುಟ್ಟುವ ಒಂದು ಕೈ ಸಿಗುತ್ತಿತ್ತು. ಹೊಸ್ತಿಲ ಮೇಲಿಟ್ಟ ತಾಟಿಗಿಂತ ಅದು ದೊಡ್ಡದಲ್ಲವೇ?

ಮತ್ತೆ ನಾನು ಎಸೆದ ಲೋಟ ನೆನಪಾಯಿತು. ನೂರು ವರ್ಷ ಕಳೆದರೂ ಆ ಹಿತ್ತಲ ಕೋಣೆಯನ್ನು ನಾನು ನಾರಾಯಣಗೂಡದ ನಮ್ಮ ಫ್ಲಾಟಿನೊಳಗೇ ಇಟ್ಟುಕೊಂಡಿದ್ದೆ.

ಆಕೆ ಕಾಣದೆ ಹೋದ ದಿನ

ಇಸಾಬೆಲ್ ಕೆರ್ 1932ರ ಜನವರಿಯಲ್ಲಿ ತೀರಿಕೊಂಡಳು. ಆಗ ಆಕೆಗೆ 56 ವರ್ಷ. ಭಾರತಕ್ಕೆ ಬಂದು ಕಾಲು ಶತಮಾನ ಆಗಿತ್ತು. ಅದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಒಂದು ರೋಗದ ಜನರ ನಡುವೆಯೇ. ಜೊತೆಗಾತಿ ಹೋದ ಮೇಲೂ ಜಾರ್ಜ್ ಕೆಲಸ ಬಿಟ್ಟು ಹೊರಡಲಿಲ್ಲ. 1938ರವರೆಗೆ ಡಿಚ್‌ಪಲ್ಲಿಯಲ್ಲೇ ಇದ್ದು, ಆರೋಗ್ಯ ಕೆಟ್ಟ ಮೇಲೆ ಸ್ಕಾಟ್ಲೆಂಡಿಗೆ ಮರಳಿದ.

ನಿಜವಾದ ಮದ್ದು ಬಂದದ್ದು ಆಕೆ ಹೋದ ಹತ್ತು ವರ್ಷದ ಮೇಲೆ. 1940ರ ದಶಕದಲ್ಲಿ ಸಲ್ಫೋನ್ ಜಾತಿಯ ಔಷಧಿಗಳು ಬಂದವು. ಡ್ಯಾಪ್ಸೋನ್ ಎಂಬ ಅಗ್ಗದ ಮಾತ್ರೆ ಎಣ್ಣೆಯ ಸೂಜಿಯನ್ನು ಮೂಲೆಗೆ ಸರಿಸಿತು. ಕೆಲವು ದಶಕದಲ್ಲಿ ರೋಗಾಣು ಅದಕ್ಕೂ ಬಗ್ಗದಂತಾಯಿತು. ಆಗ, 1980ರ ದಶಕದ ಆರಂಭದಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಒಂದಕ್ಕಿಂತ ಹೆಚ್ಚು ಔಷಧಿಗಳನ್ನು ಒಟ್ಟಿಗೆ ಕೊಡುವ ಬಹು ಔಷಧ ಚಿಕಿತ್ಸೆಯನ್ನು ಸೂಚಿಸಿತು. ಈಗ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವುದು ಅದನ್ನೇ. ಆರಂಭದ ಹಂತದವರಿಗೆ 6 ತಿಂಗಳು, ಹೆಚ್ಚಾಗಿದ್ದವರಿಗೆ 12 ತಿಂಗಳು.

ಕಾನೂನು ಬದಲಾಗಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಹಿಡಿದು ಕೂಡಿಹಾಕುವ 1898ರ ಆ ಕಾಯ್ದೆ ರದ್ದಾದದ್ದು 2016ರಲ್ಲಿ. ಇನ್ನೊಂದು ವಿಷಯ ಕೇಳಿದರೆ ನಿಮಗೂ ಆಶ್ಚರ್ಯವಾದೀತು. ಸಂಗಾತಿಗೆ ಕುಷ್ಠ ಎಂಬುದು 2019ರವರೆಗೂ ನಮ್ಮ ದೇಶದಲ್ಲಿ ವಿಚ್ಛೇದನಕ್ಕೆ ಕಾನೂನಿನ ಕಾರಣವಾಗಿತ್ತು. ಹಿಂದೂ, ಮುಸ್ಲಿಂ, ಕ್ರೈಸ್ತ ವಿವಾಹಗಳ ಕಾನೂನು ಎಲ್ಲದರಲ್ಲೂ. ಆ ವರ್ಷ ಸಂಸತ್ತು ಅದನ್ನು ತೆಗೆದುಹಾಕಿತು. ನನ್ನ ಅಜ್ಜಿಯ ಅಕ್ಕನನ್ನು ತವರಿಗೆ ತಂದು ಬಿಟ್ಟವರ ಕಡೆಗೆ ಕಾನೂನು ಅಷ್ಟು ದಿನ ನಿಂತಿತ್ತು ಎಂದಾಯಿತು.

ಡಿಚ್‌ಪಲ್ಲಿಗೆ ಹೋಗಿ ಬಂದೆ

ಕಳೆದ ಚಳಿಗಾಲದಲ್ಲಿ ಕಾಚಿಗೂಡದಿಂದ ಬೆಳಗಿನ ರೈಲು ಹಿಡಿದು ಡಿಚ್‌ಪಲ್ಲಿಗೆ ಹೋಗಿ ಬಂದೆ. ನನ್ನವರೂ ಜೊತೆಗಿದ್ದರು. ಗುಡ್ಡದ ಮೇಲಿನ ಹಳೆಯ ರಾಮಾಲಯಕ್ಕೆ ಎಲ್ಲರೂ ಹೋಗುತ್ತಾರೆ, ಅದರ ಕೆತ್ತನೆ ನೋಡುವಂಥದ್ದೇ. ತೆಲಂಗಾಣ ವಿಶ್ವವಿದ್ಯಾಲಯ ಬಂದ ಮೇಲೆ ಊರು ಬೆಳೆದಿದೆ. ನಾವು ದೇವರ ದರ್ಶನ ಮುಗಿಸಿ ಆಸ್ಪತ್ರೆಯ ಕಡೆ ಹೋದೆವು. ವಿಕ್ಟೋರಿಯಾ ಎಂಬ ಹೆಸರು ಈಗಲೂ ಉಳಿದಿದೆ. ಗೇಟಿನ ಹತ್ತಿರ ಒಬ್ಬ ವಯಸ್ಸಾದ ಅಜ್ಜ ಬಿಸಿಲು ಕಾಯಿಸುತ್ತ ಕೂತಿದ್ದ. ಬೆರಳುಗಳು ಮಡಚಿಕೊಂಡಿದ್ದವು. ಎಲ್ಲಿಂದ ಬಂದಿರಿ ಎಂದು ತೆಲುಗಿನಲ್ಲಿ ಕೇಳಿದ. ನಾರಾಯಣಗೂಡದಿಂದ ಎಂದೆ. ಯಾರನ್ನು ನೋಡಲು ಎಂದ. ಏನು ಹೇಳುವುದೆಂದು ತಿಳಿಯದೆ, ಸುಮ್ಮನೆ ನೋಡಲು ಬಂದೆವು ಎಂದೆ. ಅವನು ಕೈ ಮುಂದೆ ಚಾಚಿದ. ದುಡ್ಡು ಕೇಳುತ್ತಾನೆಂದು ಪರ್ಸಿಗೆ ಕೈ ಹಾಕಿದೆ. ಅವನು ಕೇಳಿದ್ದು ಅದಲ್ಲ, ಏಳಲು ಆಸರೆ. ನಾನು ಕೈ ಕೊಟ್ಟೆ. ಅವನು ಹಿಡಿದುಕೊಂಡು ಎದ್ದು, ನೆರಳಿಗೆ ಹೋಗಿ ಕೂತ.

ಇಷ್ಟೇ ನನ್ನ ಯಾತ್ರೆ. ಇದನ್ನು ಸೇವೆ ಎಂದು ಕರೆಯುವಷ್ಟು ದೊಡ್ಡವಳಲ್ಲ ನಾನು. ಇಸಾಬೆಲ್ ಇದನ್ನು ದಿನಕ್ಕೆ ಎಷ್ಟು ಸಲ ಮಾಡಿರಬಹುದು ಎಂದು ಮಾತ್ರ ರೈಲಿನಲ್ಲಿ ಯೋಚಿಸುತ್ತಾ ಬಂದೆ.

ನಮಗೆ ತಿಳಿದಿರಬೇಕಾದ ಕೆಲವು ಮಾತು

ಕುಷ್ಠ ಹೋಗಿಯೇಬಿಟ್ಟಿದೆ ಎಂದು ನಮ್ಮಲ್ಲಿ ಹಲವರ ನಂಬಿಕೆ. 10,000 ಜನರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬ ಮಟ್ಟಕ್ಕೆ ಭಾರತ 2005ರ ಕೊನೆಗೆ ಬಂದದ್ದು ನಿಜ. ಆದರೆ ಈಗಲೂ ವರ್ಷಕ್ಕೆ ಸುಮಾರು 1 ಲಕ್ಷ ಹೊಸ ರೋಗಿಗಳು ನಮ್ಮ ದೇಶದಲ್ಲಿ ಪತ್ತೆಯಾಗುತ್ತಾರೆ. ಪ್ರಪಂಚದ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಯವರೇ.

ಆದ್ದರಿಂದ ನಾನು ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ. ತೊನ್ನು ಬೇರೆ, ಕುಷ್ಠ ಬೇರೆ. ತೊನ್ನಿನ ಮಚ್ಚೆ ಹಾಲಿನಂತೆ ಬಿಳಿ, ಅಲ್ಲಿ ಸ್ಪರ್ಶ ಗೊತ್ತಾಗುತ್ತದೆ, ಅದು ಅಂಟುವುದೇ ಇಲ್ಲ. ಕುಷ್ಠದ ಮಚ್ಚೆ ಮೈಬಣ್ಣಕ್ಕಿಂತ ಸ್ವಲ್ಪ ಮಾಸಲು ಅಥವಾ ಕೆಂಪು, ತುರಿಕೆ ಇರುವುದಿಲ್ಲ, ಹೆಚ್ಚಾಗಿ ಸ್ಪರ್ಶ ಇರುವುದಿಲ್ಲ. ಮನೆಯವರಿಗಾಗಲಿ, ಮನೆಗೆಲಸದವರಿಗಾಗಲಿ, ಡ್ರೈವರಿಗಾಗಲಿ ಅಂಥ ಮಚ್ಚೆ ಕಂಡರೆ ಬರೀ ಮುಲಾಮು ಹಚ್ಚಿ ಸುಮ್ಮನಾಗದೆ ಚರ್ಮರೋಗದ ಡಾಕ್ಟರಿಗೆ ತೋರಿಸಿ. ಹತ್ತಿರದ ಸರ್ಕಾರಿ ಆಸ್ಪತ್ರೆಯೂ ಆದೀತು. ಕೈ ಮುಟ್ಟಿದರೆ, ಒಂದೇ ಲೋಟದಲ್ಲಿ ಕುಡಿದರೆ ಇದು ಅಂಟುವುದಿಲ್ಲ. ಚಿಕಿತ್ಸೆ ಪಡೆಯದ ರೋಗಿಯೊಂದಿಗೆ ಬಹುಕಾಲ ತೀರ ಹತ್ತಿರದಲ್ಲಿ ಬದುಕಿದರೆ ಮಾತ್ರ ಬರಬಹುದು, ಅದೂ ಬಹುಪಾಲು ಜನರ ಮೈ ತಾನಾಗಿಯೇ ಇದನ್ನು ತಡೆಯುತ್ತದೆ. ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ರೋಗ ಹರಡುವುದೂ ನಿಲ್ಲುತ್ತದೆ. ಗಾಂಧೀಜಿ ಪುಣ್ಯತಿಥಿಯಾದ ಜನವರಿ 30 ನಮ್ಮ ದೇಶದಲ್ಲಿ ಕುಷ್ಠರೋಗ ವಿರೋಧಿ ದಿನ. ಮುಂದಿನ ವರ್ಷ ಆ ದಿನ ನಮ್ಮ ವೇದಿಕೆಯಿಂದ ಮನೆಗೆಲಸದ ಹೆಂಗಸರಿಗಾಗಿ ಒಂದು ಚರ್ಮ ತಪಾಸಣಾ ಶಿಬಿರ ಮಾಡೋಣ ಎಂಬುದು ನನ್ನ ಸಲಹೆ. ಹಣ ಹೆಚ್ಚು ಬೇಕಾಗಿಲ್ಲ, ಒಂದು ಹಾಲ್, ಒಬ್ಬ ಮಹಿಳಾ ಡಾಕ್ಟರ್ ಸಾಕು.

ನಮ್ಮ ಮನೆಯ ಕೆಲಸದವಳು ಆರು ತಿಂಗಳ ಮಾತ್ರೆ ಮುಗಿಸಿದಳು. ಸುಟ್ಟ ಗಾಯದ ಕಲೆ ಉಳಿದಿದೆ, ಮತ್ತೇನೂ ಇಲ್ಲ. ಅವಳು ಮತ್ತೆ ಕೆಲಸಕ್ಕೆ ಬಂದ ಮೊದಲ ದಿನ ಅಡುಗೆಮನೆಯಲ್ಲಿ ತನ್ನ ಲೋಟ ಹುಡುಕಿದಳು. ಅದು ಒಡೆದುಹೋಯಿತು ಎಂದೆ. ಸ್ಟೀಲಿನ ಲೋಟ ಒಡೆಯುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳು ಏನೂ ಹೇಳಲಿಲ್ಲ. ನಾನು ಕುಡಿಯುವ ಲೋಟಗಳ ಸಾಲಿನಿಂದ ಒಂದನ್ನು ತೆಗೆದು ಇಬ್ಬರಿಗೂ ಚಹಾ ಬಸಿದೆ. ಈಗ ನಮ್ಮ ಮನೆಯಲ್ಲಿ ಅವಳ ಲೋಟ ಎಂದು ಬೇರೆ ಇಲ್ಲ.